ಈ ಟೀ ಪಾರ್ಟಿಯಲ್ಲಿ ನಿಮಗೂ ಒಂದು ಕುರ್ಚಿ

ಮನೆಗೆ ನಾಲ್ಕೈದು ಜನ ಗೆಳತಿಯರು ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಹಾಲ್‌ನಲ್ಲಿ ನಗು, ಹರಟೆ ಜೋರಾಗಿ ನಡೆದಿದೆ. ಆಗ ನೀವೆಲ್ಲಿರುತ್ತೀರಿ?

ಸಂಕೋಚ ಬೇಡ, ಹೇಳಿ. ಅಡುಗೆಮನೆಯಲ್ಲಿ, ಅಲ್ವಾ? ಒಂದು ಒಲೆಯ ಮೇಲೆ ಬಜ್ಜಿಯ ಬಾಣಲೆ, ಇನ್ನೊಂದರ ಮೇಲೆ ಕಾಫಿಗೆ ಹಾಲು. ‘ನೀವು ಬಿಸಿಬಿಸಿ ತಿನ್ನಿ, ನಾನು ಆಮೇಲೆ ತಿಂತೀನಿ’ ಎಂದು ತಟ್ಟೆ ಇಟ್ಟು ಮತ್ತೆ ಒಳಗೆ ಓಟ. ಎಲ್ಲರೂ ಹೊರಟು ನಿಂತಾಗ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ‘ಇಷ್ಟು ಬೇಗ ಹೊರಟ್ರಾ? ಕೂತು ಮಾತಾಡಲೇ ಇಲ್ಲವಲ್ಲ’ ಅನ್ನುತ್ತೀರಿ.

ನನ್ನ ಕಥೆಯೂ ಇದೇ ಆಗಿತ್ತು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳು ಎಷ್ಟೋ ವರ್ಷಗಳ ಮೇಲೆ ಮನೆಗೆ ಬಂದಳು. ನಾನು ಸಂಭ್ರಮದಿಂದ ಮೂರು ಬಗೆಯ ತಿಂಡಿ ಮಾಡಿದೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ‘ಬಜ್ಜಿ ತುಂಬಾ ಚೆನ್ನಾಗಿತ್ತು ಕಣೇ. ಆದರೆ ನಾನು ನಿನ್ನ ನೋಡೋಕೆ ಬಂದಿದ್ದೆ’ ಅಂದಳು. ನಾನು ನಕ್ಕು ಸುಮ್ಮನಾದೆ. ಅವಳ ಮನೆಯಲ್ಲಿ ಆಗ ದೊಡ್ಡ ಕಷ್ಟವೊಂದು ನಡೆದಿತ್ತು, ಅದನ್ನು ಹೇಳಿಕೊಳ್ಳಲೆಂದೇ ಬಂದಿದ್ದಳು ಎಂಬುದು ನನಗೆ ಗೊತ್ತಾಗಿದ್ದು ತಿಂಗಳುಗಳ ನಂತರ, ಅದೂ ಬೇರೆಯವರ ಬಾಯಿಂದ.

ಅಂದಿನಿಂದ ಒಂದು ನಿರ್ಧಾರ ಮಾಡಿದೆ. ಮನೆಗೆ ಜನ ಕರೆದರೆ ನಾನೂ ಅವರ ಜತೆ ಕೂರಬೇಕು. ಅದಕ್ಕೆ ದಾರಿ ಹುಡುಕುತ್ತಿದ್ದಾಗ ನನಗೆ ಹಿಡಿಸಿದ್ದು ಇಂಗ್ಲಿಷರ ಹಳೆಯ ಪದ್ಧತಿಯ ಮಧ್ಯಾಹ್ನದ ಟೀ. ‘ಅಯ್ಯೋ, ಆ ದೊರೆಸಾನಿಯರ ಠೀವಿ ನಮಗ್ಯಾಕಮ್ಮಾ’ ಅಂತ ಮೂಗು ಮುರಿಯಬೇಡಿ. ಈ ಪಾರ್ಟಿಯ ಗುಟ್ಟು ಬೆಳ್ಳಿ ಪಾತ್ರೆಯಲ್ಲಿಲ್ಲ. ತಿನ್ನುವುದೆಲ್ಲ ಮೊದಲೇ ಸಿದ್ಧವಾಗಿರುತ್ತದೆ, ಕರೆದವಳು ಮೇಜಿನ ಬಳಿ ಕೂತೇ ಟೀ ಬಗ್ಗಿಸುತ್ತಾಳೆ. ಗುಟ್ಟು ಇರುವುದು ಅಲ್ಲೇ.

ಹಸಿವಾದ ಡಚೆಸ್

ಇಂಗ್ಲೆಂಡಿಗೆ ಟೀ ರೂಢಿಯಾಗಿದ್ದರಲ್ಲಿ ಒಬ್ಬ ಸೊಸೆಯ ಪಾತ್ರ ದೊಡ್ಡದು. 1662ರಲ್ಲಿ ದೊರೆ ಎರಡನೇ ಚಾರ್ಲ್ಸ್‌ನನ್ನು ಮದುವೆಯಾಗಿ ಬಂದ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್‌ಗೆ ಟೀ ಕುಡಿಯುವ ಅಭ್ಯಾಸವಿತ್ತು. ಅರಮನೆಯಲ್ಲಿ ರಾಣಿ ಕುಡಿದದ್ದನ್ನು ಊರಿನ ಶ್ರೀಮಂತ ಹೆಂಗಸರೂ ಕುಡಿಯತೊಡಗಿದರು. ಅಂದಹಾಗೆ, ಇದೇ ರಾಣಿಯ ವರದಕ್ಷಿಣೆಯಾಗಿ ಇಂಗ್ಲೆಂಡಿಗೆ ಸಿಕ್ಕಿದ್ದು ನಮ್ಮ ಮುಂಬಯಿ!

ಆಗ ಟೀ ಸೊಪ್ಪು ಎಂದರೆ ಬಂಗಾರದಷ್ಟು ಜೋಪಾನ. ಅದನ್ನಿಡುವ ಡಬ್ಬಿಗೆ ಬೀಗ, ಬೀಗದ ಕೈ ಮನೆಯೊಡತಿಯ ಬಳಿ. ಆಳುಗಳ ಕೈಗೆ ಕೊಡಲು ಮನಸ್ಸಿಲ್ಲದೆ ಯಜಮಾನಿಯೇ ಅತಿಥಿಗಳ ಮುಂದೆ ಕೂತು ಸೊಪ್ಪು ಅಳೆದು, ಟೀ ಮಾಡಿ, ಬಗ್ಗಿಸಿ ಕೊಡುತ್ತಿದ್ದಳು. 1784ರಲ್ಲಿ ಸರ್ಕಾರ ಟೀ ಮೇಲಿನ ಸುಂಕವನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿದ ಮೇಲೆ ಅದು ಸಾಮಾನ್ಯರ ಮನೆಗೂ ಬಂತು. ಬೀಗ ಹೋಯಿತು, ಆದರೆ ಮನೆಯೊಡತಿ ಕೂತು ಬಗ್ಗಿಸುವ ಪದ್ಧತಿ ಹಾಗೇ ಉಳಿಯಿತು. ಇವತ್ತಿಗೂ ಇಂಗ್ಲಿಷರಲ್ಲಿ ನಾಲ್ಕು ಜನ ಸೇರಿದಾಗ ಟೀ ಬಗ್ಗಿಸಲು ಮುಂದಾಗುವವರು, ಗಂಡಸೇ ಆಗಿರಲಿ, ‘ನಾನೇ ಅಮ್ಮನಾಗಲಾ?’ ಎಂದು ತಮಾಷೆಗೆ ಕೇಳುವುದುಂಟು.

ಇನ್ನು ಸಂಜೆ ಟೀ ಜತೆ ತಿಂಡಿ ಬಂದ ಕಥೆ. 1840ರ ಸುಮಾರಿಗೆ ಅಲ್ಲಿನ ಸಿರಿವಂತರ ಮನೆಗಳಲ್ಲಿ ರಾತ್ರಿಯೂಟ ಎಂಟು ಗಂಟೆಗೆ ಹೋಗಿತ್ತು. ಮಧ್ಯಾಹ್ನ ತಿನ್ನುತ್ತಿದ್ದುದು ಅಷ್ಟಕ್ಕಷ್ಟೆ. ಬೆಡ್‌ಫರ್ಡ್‌ನ ಡಚೆಸ್ ಅನ್ನಾ ಮರಿಯಾಗೆ ನಾಲ್ಕು ಗಂಟೆಯ ಹೊತ್ತಿಗೆ ಹೊಟ್ಟೆ ಹಸಿದು ಜೀವ ಸೋತಂತಾಗುತ್ತಿತ್ತಂತೆ. ಗುಟ್ಟಾಗಿ ತನ್ನ ಕೋಣೆಗೇ ಟೀ, ಬ್ರೆಡ್ಡು, ಬೆಣ್ಣೆ ತರಿಸಿಕೊಂಡಳು. ಆಮೇಲೆ ಒಬ್ಬಳೇ ತಿನ್ನುವುದು ಬೇಸರವಾಗಿ ಗೆಳತಿಯರನ್ನೂ ಕರೆದಳು. ರಾಣಿ ವಿಕ್ಟೋರಿಯಾಳ ಆಪ್ತ ಬಳಗದಲ್ಲಿದ್ದ ಹೆಂಗಸು ಆಕೆ. ಅಭ್ಯಾಸ ಹರಡಲು ತಡವಾಗಲಿಲ್ಲ. ನೋಡಿದ್ರಾ, ಎಲ್ಲರಿಗೂ ಬಡಿಸಿ ಆಮೇಲೆ ತಿನ್ನುವ ನಮಗೆ, ತನ್ನ ಹಸಿವನ್ನು ತಾನೇ ಗಮನಿಸಿಕೊಂಡ ಹೆಂಗಸಿನ ಕಥೆ ಇದು!

ಮಾತಿನ ಮೇಜು

ಲಂಡನ್ನಿನ ಹಳೆಯ ಕಾಫಿ ಮನೆಗಳಲ್ಲಿ ಗಂಡಸರದೇ ದರ್ಬಾರು. ರಾಜಕೀಯ, ವ್ಯಾಪಾರ ಎಲ್ಲ ಅಲ್ಲಿ. ಹೆಂಗಸರ ಪಾಲಿಗೆ ಇದ್ದದ್ದು ಮನೆಯ ಟೀ ಮೇಜು. ಅಲ್ಲಿ ಬರೀ ಕಾಡುಹರಟೆ ನಡೆಯಿತು ಅಂದುಕೊಳ್ಳಬೇಡಿ. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಸೋತಿತು. ಹೆಂಗಸರಿಗೆ ಓಟಿಲ್ಲ. ಆದರೆ ಸಕ್ಕರೆ ಬಟ್ಟಲು ಅವರ ಕೈಯಲ್ಲಿತ್ತಲ್ಲ! ಗುಲಾಮರ ಬೆವರಿನಿಂದ ಬರುತ್ತಿದ್ದ ವೆಸ್ಟ್ ಇಂಡೀಸ್ ಸಕ್ಕರೆ ನಮ್ಮ ಟೀಗೆ ಬೇಡ ಎಂದು ಸಾವಿರಾರು ಮನೆಗಳ ಹೆಂಗಸರು ನಿಲ್ಲಿಸಿಬಿಟ್ಟರು.

ನೂರು ವರ್ಷಗಳ ನಂತರ ಲಂಡನ್ನಿನ ಬೀದಿಗಳಲ್ಲಿ ಟೀ ಅಂಗಡಿಗಳು ಬಂದವು. 1894ರಲ್ಲಿ ಪಿಕಡಿಲಿಯಲ್ಲಿ ಲಯನ್ಸ್‌ನವರ ಮೊದಲ ಅಂಗಡಿ ತೆರೆಯಿತು. ಗಂಡಸಿನ ಜತೆಯಿಲ್ಲದೆ ಹೆಂಗಸೊಬ್ಬಳು ಮರ್ಯಾದೆಯಿಂದ ಹೋಗಿ ಕೂರಬಹುದಾದ ಜಾಗಗಳು ಇವು. ಓಟಿನ ಹಕ್ಕಿಗೆ ಹೋರಾಡಿದ ಮಹಿಳೆಯರು ಎಷ್ಟೋ ಸಲ ಸಭೆ ಸೇರಿದ್ದು ಟೀ ಅಂಗಡಿಗಳಲ್ಲೇ. 1918ರಲ್ಲಿ ಮೂವತ್ತು ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ, 1928ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲ ಹೆಂಗಸರಿಗೂ ಅಲ್ಲಿ ಓಟು ಸಿಕ್ಕಿತು. ಒಂದು ಕಪ್ ಟೀ ಮುಂದೆ ಹೆಂಗಸರು ನೆಮ್ಮದಿಯಾಗಿ ಕೂತರೆ ಏನೆಲ್ಲ ಆದೀತು ನೋಡಿ.

‘ಹೈ ಟೀ’ ಅಲ್ಲ ರೀ!

ಕರೆಯುವ ಮುಂಚೆ ಒಂದು ಮಾತು. ನಮ್ಮಲ್ಲಿ ಗತ್ತಿಗೆ ಇದನ್ನು ‘ಹೈ ಟೀ’ ಅನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಹೈ ಟೀ ಎಂದರೆ ಬೇರೆಯೇ. ಕಾರ್ಖಾನೆ, ಗಣಿಗಳಿಂದ ದಣಿದು ಬಂದ ದುಡಿಮೆಗಾರರು ಸಂಜೆ ಐದೂವರೆ, ಆರರ ಹೊತ್ತಿಗೆ ಊಟದ ಮೇಜಿನಲ್ಲಿ ಕೂತು ಮಾಡುವ ಹೊಟ್ಟೆ ತುಂಬಾ ಊಟ ಅದು. ಮಾಂಸ, ಬ್ರೆಡ್ಡು, ಚೀಸ್, ಜತೆಗೊಂದು ದೊಡ್ಡ ಕಪ್ ಟೀ. ನಾವು ಈಗ ಮಾಡಹೊರಟಿರುವುದು ‘ಆಫ್ಟರ್‌ನೂನ್ ಟೀ’. ಸೋಫಾದ ಮುಂದಿನ ತಗ್ಗು ಮೇಜಿನ ಮೇಲೆ, ನಾಲ್ಕು ಗಂಟೆಗೆ, ಹಗುರವಾದ ತಿಂಡಿಗಳ ಜತೆ.

ಯಾರನ್ನು, ಯಾವಾಗ?

ಮೊದಲ ಸಲಕ್ಕೆ ನಿಮ್ಮನ್ನೂ ಸೇರಿಸಿ ಆರು ಜನ ಸಾಕು. ಆರಕ್ಕಿಂತ ಹೆಚ್ಚಾದರೆ ಮಾತು ಎರಡು ಗುಂಪಾಗುತ್ತದೆ, ಟೀ ಪಾಟ್ ಕೂಡ ಸಾಲದು. ಕರೆಯುವಾಗ ಬರುವ ಹೊತ್ತಿನ ಜತೆ ಹೊರಡುವ ಹೊತ್ತನ್ನೂ ಹೇಳಿ. ‘ನಾಲ್ಕರಿಂದ ಐದೂವರೆ’ ಅಂದರೆ ಅವರಿಗೂ ಮನೆಗೆ ಹೋಗಿ ರಾತ್ರಿ ಅಡುಗೆ ಮಾಡುವ ಚಿಂತೆ ಇರುವುದಿಲ್ಲ. ವಾರದ ದಿನಗಳಲ್ಲಿ ಅದು ಮಕ್ಕಳ ಸ್ಕೂಲ್ ವ್ಯಾನ್ ಬರುವ ಸಮಯ. ಆದ್ದರಿಂದ ಭಾನುವಾರ ವಾಸಿ. ಮಕ್ಕಳನ್ನು ಅಪ್ಪನ ಜತೆ ಪಾರ್ಕಿಗೆ ಕಳಿಸಿ. ಅವರಿಗೂ ಒಂದು ಸಂಜೆ ಅಭ್ಯಾಸವಾಗಲಿ!

ಮೇಜು ಸಿಂಗಾರ

ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಮದುವೆಯಲ್ಲಿ ಉಡುಗೊರೆ ಬಂದು ಷೋಕೇಸಿನಲ್ಲೇ ಕೂತಿರುವ ಪಿಂಗಾಣಿ ಟೀ ಸೆಟ್ ಇದೆಯಲ್ಲ, ಅದಕ್ಕೀಗ ಮೋಕ್ಷ ಕೊಡಿ. ಕಪ್ಪುಗಳು ಒಂದೇ ಥರ ಇಲ್ಲದಿದ್ದರೂ ಚಿಂತೆಯಿಲ್ಲ. ಬಿಡಿಬಿಡಿ ಕಪ್ಪು ಸಾಸರ್‌ಗಳದೇ ಒಂದು ಚೆಂದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ ಹಾಸಿ. ಪುಟ್ಟ ಲೋಟದಲ್ಲಿ ನಾಲ್ಕು ಗುಲಾಬಿ ಇಟ್ಟರೆ ಆಯಿತು. ಹೂವು ಎದುರಿಗೆ ಕೂತವರ ಮುಖ ಮುಚ್ಚದಷ್ಟು ಕುಳ್ಳಗಿರಲಿ.

ಹೋಟೆಲ್‌ಗಳಲ್ಲಿ ನೋಡುವ ಮೂರು ಅಂತಸ್ತಿನ ಸ್ಟ್ಯಾಂಡ್‌ನಲ್ಲಿ ಕೆಳಗೆ ಸ್ಯಾಂಡ್‌ವಿಚ್, ನಡುವೆ ಸ್ಕೋನ್, ಮೇಲೆ ಕೇಕು ಇರುತ್ತದೆ. ತಿನ್ನುವುದೂ ಅದೇ ಕ್ರಮದಲ್ಲಿ, ಕೆಳಗಿನಿಂದ ಮೇಲಕ್ಕೆ. ಮೊದಲು ಉಪ್ಪಿನದು, ಕೊನೆಗೆ ಸಿಹಿ. ಸ್ಟ್ಯಾಂಡ್ ಇಲ್ಲವಾದರೆ ಮೂರು ತಟ್ಟೆಗಳಲ್ಲಿ ಇಡಿ. ಒಬ್ಬೊಬ್ಬರಿಗೂ ಒಂದು ಸಣ್ಣ ತಟ್ಟೆ, ಒಂದು ಚಾಕು, ಒಂದು ಟೀ ಚಮಚ, ಒಂದು ಬಟ್ಟೆ ನ್ಯಾಪ್‌ಕಿನ್. ಹಾಲಿನ ಜಗ್ಗು, ಸಕ್ಕರೆ, ತೆಳ್ಳಗೆ ಹೆಚ್ಚಿದ ನಿಂಬೆ ಬಿಲ್ಲೆ, ಸೋಸಣಿಗೆ ನಿಮ್ಮ ಕೈಗೆ ಸಿಗುವಂತಿರಲಿ. ಒಮ್ಮೆ ಕೂತ ಮೇಲೆ ಏಳುವಂತಾಗಬಾರದು, ಅದೇ ಲೆಕ್ಕ.

ಟೀ ಕುದಿಸಬೇಡಿ

ನಾವು ಟೀಪುಡಿ, ಹಾಲು, ಸಕ್ಕರೆ ಎಲ್ಲ ಒಟ್ಟಿಗೆ ಹಾಕಿ ಕುದಿಸುವವರು. ಇಲ್ಲಿ ಕುದಿಯುವುದು ನೀರು ಮಾತ್ರ. ದಿನಬಳಕೆಯ ಡಸ್ಟ್ ಟೀ ಈ ಪದ್ಧತಿಗೆ ಹೊಂದದು, ಬೇಗ ಒಗರಾಗುತ್ತದೆ. ಎಲೆ ಟೀ ತನ್ನಿ. ಅಸ್ಸಾಂ ಟೀ ಗಟ್ಟಿ, ಹಾಲಿಗೆ ಹೇಳಿಮಾಡಿಸಿದ್ದು. ಡಾರ್ಜಿಲಿಂಗ್ ಹಗುರ, ಹಾಲಿಲ್ಲದೆ ಚೆನ್ನ. ನಮ್ಮ ಪಕ್ಕದ ನೀಲಗಿರಿಯ ಟೀ ಘಮ ಚೆನ್ನಾಗಿದ್ದು ನಿಂಬೆಗೆ ಒಪ್ಪುತ್ತದೆ. ಕಾಫಿಯ ನಾಡು ಚಿಕ್ಕಮಗಳೂರಿನಲ್ಲೂ ಟೀ ಬೆಳೆಯುತ್ತದೆ, ಸಿಕ್ಕರೆ ಅದನ್ನೇ ತನ್ನಿ. ಇಂಗ್ಲೆಂಡಿನ ಟೀ ಎಂದರೂ ಸೊಪ್ಪು ನಮ್ಮದೇ ತಾನೆ! ಲಂಡನ್ನಿನಲ್ಲಿ ಅಸ್ಸಾಂ ಟೀ ಮೊದಲ ಬಾರಿಗೆ ಹರಾಜಾಗಿದ್ದು 1839ರಲ್ಲಿ. ಅದಕ್ಕೂ ಮುಂಚೆ ಅವರು ಕುಡಿಯುತ್ತಿದ್ದುದು ಚೀನಾದ ಟೀ.

ಮಾಡುವ ಬಗೆ ಹೀಗೆ. ಟೀ ಪಾಟ್‌ಗೆ ಮೊದಲು ಸ್ವಲ್ಪ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ. ಪಾಟ್ ತಣ್ಣಗಿದ್ದರೆ ಟೀ ಬಣ್ಣ ಬಿಡದು. ಒಂದು ಕಪ್ಪಿಗೆ ಒಂದು ಟೀ ಚಮಚ ಸೊಪ್ಪು, ಕೊನೆಗೆ ಪಾಟ್‌ನ ಪಾಲಿಗೆ ಒಂದು ಚಮಚ. ಆರು ಜನಕ್ಕೆ ಏಳು ಚಮಚ. ಕೊತಕೊತ ಕುದಿಯುವ ನೀರು ಹೊಯ್ದು ಮುಚ್ಚಿ. ಡಾರ್ಜಿಲಿಂಗ್ ಆದರೆ ಮೂರು ನಿಮಿಷ, ಅಸ್ಸಾಂ ಆದರೆ ನಾಲ್ಕರಿಂದ ಐದು ನಿಮಿಷ. ಆಮೇಲೆ ಸೋಸಿ ಬಗ್ಗಿಸಿ. ಪಾಟ್ ಬಿಸಿಯಾಗಿರಲು ದಪ್ಪ ಟವೆಲ್ ಸುತ್ತಿ, ಇಲ್ಲವೇ ಹಳೆಯ ಸ್ವೆಟರ್‌ನಿಂದ ಟೋಪಿ ಹೊಲಿದು ತೊಡಿಸಿ. ಪಕ್ಕದಲ್ಲಿ ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡರೆ ಟೀ ಗಟ್ಟಿ ಅನಿಸಿದವರಿಗೆ ಬೆರೆಸಿ ಕೊಡಬಹುದು. ಎರಡನೇ ಸುತ್ತಿಗೆ ಹಳೆಯ ಸೊಪ್ಪು ಬೇಡ, ಹೊಸದನ್ನೇ ಹಾಕಿ. ನೆನಪಿರಲಿ, ಹಾಲು ಹಾಕಿದ ಕಪ್ಪಿಗೆ ನಿಂಬೆ ಬಿದ್ದರೆ ಒಡೆದುಹೋಗುತ್ತದೆ.

ಕಪ್ಪಿಗೆ ಹಾಲು ಮೊದಲೋ, ಟೀ ಮೊದಲೋ ಎಂಬ ಜಗಳ ಇಂಗ್ಲಿಷರಲ್ಲಿ ಇನ್ನೂ ಮುಗಿದಿಲ್ಲ. ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ಒಳ್ಳೆಯ ಟೀಗೆ ಹನ್ನೊಂದು ನಿಯಮ ಬರೆದ. ಟೀ ಮೊದಲು ಹಾಕಿದರೆ ಹಾಲು ಎಷ್ಟು ಬೇಕೋ ಅಷ್ಟೇ ಬೆರೆಸಬಹುದು ಎನ್ನುವುದು ಅವನ ವಾದ. ಮನೆಗೆ ಬಂದವರ ರುಚಿ ಗೊತ್ತಿಲ್ಲದ ನಮಗೂ ಅದೇ ಸರಿ.

ಸೌತೆಕಾಯಿ ಸ್ಯಾಂಡ್‌ವಿಚ್

ಎಳೆಯ ಸೌತೆಕಾಯಿ ಎರಡು, ಒಂದು ದೊಡ್ಡ ಪ್ಯಾಕೆಟ್ ಬಿಳಿ ಬ್ರೆಡ್ಡು, 100 ಗ್ರಾಂ ಬೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ. ಇಷ್ಟೇ. ಸೌತೆಕಾಯಿ ಕಹಿಯಿಲ್ಲವೆಂದು ನೋಡಿಕೊಂಡು ಸಿಪ್ಪೆ ತೆಗೆದು, ಕಾಗದದಷ್ಟು ತೆಳ್ಳಗೆ ಬಿಲ್ಲೆ ಹೆಚ್ಚಿ. ಚಿಟಿಕೆ ಉಪ್ಪು ಉದುರಿಸಿ ಜರಡಿಯಲ್ಲಿ ಕಾಲು ಗಂಟೆ ಬಿಡಿ. ನೀರಿಳಿದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಬ್ರೆಡ್ಡಿನ ಎರಡೂ ತುಂಡುಗಳಿಗೆ ಮೆತ್ತಗಿನ ಬೆಣ್ಣೆಯನ್ನು ಅಂಚಿನವರೆಗೂ ಸವರಿ. ಬೆಣ್ಣೆ ಬರೀ ರುಚಿಗಲ್ಲ, ಸೌತೆಕಾಯಿಯ ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುವುದೂ ಅದೇ. ಬಿಲ್ಲೆ ಜೋಡಿಸಿ, ಮೆಣಸಿನ ಪುಡಿ ಉದುರಿಸಿ, ಮುಚ್ಚಿ, ಅಂಚು ತೆಗೆದು ಮೂರು ಉದ್ದ ತುಂಡು ಮಾಡಿ. ಹದಿನಾರು ಬ್ರೆಡ್ಡಿಗೆ ಇಪ್ಪತ್ನಾಲ್ಕು ತುಂಡಾಗುತ್ತದೆ, ಒಬ್ಬೊಬ್ಬರಿಗೆ ನಾಲ್ಕು. ಅರ್ಧಕ್ಕೆ ಸೌತೆಕಾಯಿ, ಇನ್ನರ್ಧಕ್ಕೆ ತುರಿದ ಚೀಸ್ ಅಥವಾ ಬೇಯಿಸಿ ಮಸೆದ ಮೊಟ್ಟೆ ಇಟ್ಟರೆ ಬದಲಾವಣೆಯಾಯಿತು. ಒದ್ದೆ ಬಟ್ಟೆ ಹಿಂಡಿ ಮೇಲೆ ಮುಚ್ಚಿಟ್ಟರೆ ಒಂದು ಗಂಟೆ ಒಣಗುವುದಿಲ್ಲ. ಕತ್ತರಿಸಿದ ಅಂಚುಗಳನ್ನು ಎಸೆಯಬೇಡಿ. ಒಣಗಿಸಿ ಪುಡಿ ಮಾಡಿದರೆ ಕಟ್ಲೆಟ್‌ಗೆ ಬರುತ್ತದೆ.

ಸ್ಕೋನ್: ನಾದದಿದ್ದರೇ ಮೃದು

ಸ್ಕೋನ್ ಎಂದರೆ ಬನ್ನು, ಬಿಸ್ಕತ್ತಿನ ನಡುವಿನ ತಿಂಡಿ. ಮೊಟ್ಟೆ ಬೇಕೇ ಬೇಕು ಅಂತಿಲ್ಲ. 225 ಗ್ರಾಂ ಮೈದಾ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ 55 ಗ್ರಾಂ ಬೆಣ್ಣೆಯನ್ನು ಚೂರು ಮಾಡಿ ಹಾಕಿ, ಬೆರಳ ತುದಿಯಲ್ಲಿ ರವೆಯಂತಾಗುವವರೆಗೆ ಉಜ್ಜಿ. 25 ಗ್ರಾಂ ಸಕ್ಕರೆ ಪುಡಿ ಬೆರೆಸಿ. 150 ಮಿಲಿ ತಣ್ಣನೆಯ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಹಿಟ್ಟು ಒಂದುಗೂಡಿದ ಕೂಡಲೇ ನಿಲ್ಲಿಸಿ. ನಮ್ಮ ಕೈ ಚಪಾತಿ ಹಿಟ್ಟು ನಾದಿದ ಕೈ, ಸುಮ್ಮನಿರುವುದಿಲ್ಲ. ಆದರೆ ನಾದಿದರೆ ಸ್ಕೋನ್ ಕಲ್ಲಾಗುತ್ತದೆ. ನನ್ನ ಮೊದಲ ಸ್ಕೋನ್ ನೋಡಿ ಮಗ, ‘ಅಮ್ಮಾ, ಇದರಲ್ಲಿ ಕ್ರಿಕೆಟ್ ಆಡಬಹುದು’ ಅಂದಿದ್ದ!

ಹಿಟ್ಟನ್ನು ಕೈಯಿಂದಲೇ ಒಂದಿಂಚು ದಪ್ಪಕ್ಕೆ ತಟ್ಟಿ. ಪುಟ್ಟ ಸ್ಟೀಲ್ ಲೋಟದ ಬಾಯಿಯನ್ನು ಹಿಟ್ಟಿನಲ್ಲಿ ಅದ್ದಿ ನೇರ ಒತ್ತಿ ಕತ್ತರಿಸಿ. ತಿರುಚಿದರೆ ವಾರೆಯಾಗಿ ಉಬ್ಬುತ್ತದೆ. ಮೇಲೆ ಹಾಲು ಸವರಿ, ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ ಬೇಯಿಸಿ. ಎಂಟರಷ್ಟು ಬರುತ್ತವೆ. ಅವತ್ತಿನದನ್ನು ಅವತ್ತೇ ತಿನ್ನಬೇಕು.

ಇದಕ್ಕೆ ಜತೆ ಸ್ಟ್ರಾಬೆರಿ ಜಾಮ್ ಮತ್ತು ‘ಕ್ಲಾಟೆಡ್ ಕ್ರೀಮ್’. ಹೆಸರು ಕೇಳಿ ಹೆದರಬೇಡಿ. ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್ ಸೀಮೆಯಲ್ಲಿ ಗಟ್ಟಿ ಹಾಲನ್ನು ಅಗಲ ಪಾತ್ರೆಯಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕಾಯಿಸಿ, ಆರಿಸಿ, ಮೇಲೆ ಕಟ್ಟಿದ ದಪ್ಪ ಕೆನೆ ತೆಗೆಯುತ್ತಾರೆ. ಅಂದರೆ ಥೇಟ್ ನಮ್ಮ ಹಾಲಿನ ಕೆನೆಯ ಅಕ್ಕ! ಎರಡು ದಿನದ ತಾಜಾ ಕೆನೆಯನ್ನು ಫ್ರಿಜ್‌ನಲ್ಲಿ ಕೂಡಿಟ್ಟು, ಚಮಚದಿಂದ ಹಗುರಾಗಿ ಕಲಕಿ ಬಳಸಿ. ಜೋರಾಗಿ ಕಡೆದರೆ ಬೆಣ್ಣೆಯಾದೀತು. ಡೆವನ್‌ನವರು ಸ್ಕೋನ್ ಮೇಲೆ ಮೊದಲು ಕೆನೆ, ಮೇಲೆ ಜಾಮ್ ಹಚ್ಚಿದರೆ ಕಾರ್ನ್‌ವಾಲ್‌ನವರದು ಮೊದಲು ಜಾಮ್, ಮೇಲೆ ಕೆನೆ. ಹೋಳಿಗೆಗೆ ತುಪ್ಪವೋ ಹಾಲೋ ಎಂದು ನಮ್ಮಲ್ಲಿ ಎರಡು ಪಕ್ಷವಿಲ್ಲವೇ, ಹಾಗೆ.

ಓವನ್ ಇಲ್ಲವೇ? ತವಾ ಇದೆ

ಇಂಗ್ಲೆಂಡಿನ ಪಕ್ಕದ ವೇಲ್ಸ್‌ನ ಹೆಂಗಸರು ಕಬ್ಬಿಣದ ಹಂಚಿನ ಮೇಲೆ ಮಾಡುವ ವೆಲ್ಷ್ ಕೇಕಿಗೆ ಓವನ್ನೇ ಬೇಡ. 225 ಗ್ರಾಂ ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, 110 ಗ್ರಾಂ ಬೆಣ್ಣೆ ಉಜ್ಜಿ, 85 ಗ್ರಾಂ ಸಕ್ಕರೆ, ಒಂದು ಹಿಡಿ ಒಣದ್ರಾಕ್ಷಿ, ಚಿಟಿಕೆ ಜಾಯಿಕಾಯಿ ಪುಡಿ ಬೆರೆಸಿ. ಒಂದು ಮೊಟ್ಟೆ, ಅದು ಬೇಡವಾದರೆ ಮೂರು ನಾಲ್ಕು ದೊಡ್ಡ ಚಮಚ ಹಾಲು ಹಾಕಿ ಕಲಸಿ, ಕಾಲಿಂಚು ದಪ್ಪಕ್ಕೆ ಲಟ್ಟಿಸಿ ಬಿಲ್ಲೆ ಮಾಡಿ. ದೋಸೆ ತವಾದ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಮೂರು ಮೂರು ನಿಮಿಷ ಕೆಂಪಗೆ ಬೇಯಿಸಿ. ಮೇಲೆ ಸಕ್ಕರೆ ಉದುರಿಸಿ. ಹಿಂದಿನ ದಿನವೇ ಮಾಡಿ ಡಬ್ಬಿಯಲ್ಲಿ ಇಟ್ಟರೂ ಆದೀತು.

ಕೇಕು ಕೊಂಡರೆ ತಪ್ಪಿಲ್ಲ

ಈ ಮೇಜಿನ ಪಟ್ಟದರಸಿ ವಿಕ್ಟೋರಿಯಾ ಸ್ಪಂಜ್ ಕೇಕು, ರಾಣಿಯದೇ ಹೆಸರು. ಮೊಟ್ಟೆ ತೂಗಿ, ಅಷ್ಟೇ ತೂಕದ ಬೆಣ್ಣೆ, ಸಕ್ಕರೆ, ಮೈದಾ ಹಾಕಿ ಮಾಡುವುದು. ಎರಡು ಪದರದ ನಡುವೆ ಜಾಮ್, ಮೇಲೆ ಬರೀ ಸಕ್ಕರೆ ಪುಡಿ. ಐಸಿಂಗ್, ಚೆರ್ರಿ ಏನೂ ಇಲ್ಲ. ಇದು ಇಷ್ಟು ಹಗುರಾಗಿ ಉಬ್ಬುವುದಕ್ಕೆ ಕಾರಣ ಬೇಕಿಂಗ್ ಪೌಡರ್. ಅದರ ಹಿಂದೆಯೂ ಒಂದು ಸಂಸಾರದ ಕಥೆ ಇದೆ. ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ಮೊಟ್ಟೆಯೂ ಆಗದು, ಯೀಸ್ಟೂ ಆಗದು. ಅವಳಿಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ, 1843ರಲ್ಲಿ ಯೀಸ್ಟ್ ಬೇಡದ ಬೇಕಿಂಗ್ ಪೌಡರ್ ಮಾಡಿದ ಪುಣ್ಯಾತ್ಮ! ಆದ್ದರಿಂದ ಮೊಟ್ಟೆ ತಿನ್ನದ ಗೆಳತಿ ಬಂದರೆ ಸಂಕೋಚಪಡಬೇಡಿ, ಅವಳಿಗೂ ಈ ಮೇಜಿನಲ್ಲಿ ಹಕ್ಕಿದೆ.

ಕೇಕ್ ಮಾಡಲು ಪುರುಸೊತ್ತಿಲ್ಲವೇ? ಬೇಕರಿಯಿಂದ ಸಾದಾ ಸ್ಪಂಜ್ ತಂದು ಅಡ್ಡಕ್ಕೆ ಸೀಳಿ ಜಾಮ್ ಹಚ್ಚಿ. ಮೊಟ್ಟೆಯಿಲ್ಲದ್ದೂ ಸಿಗುತ್ತದೆ. ಎಲ್ಲವನ್ನೂ ಮನೆಯಲ್ಲೇ ಮಾಡಿ ಸುಸ್ತಾಗಿ ಕೂರುವುದಕ್ಕಿಂತ, ಕೊಂಡು ತಂದು ನಗುನಗುತ್ತಾ ಕೂರುವುದು ಎಷ್ಟೋ ಮೇಲು.

ಶಿಷ್ಟಾಚಾರ ಎಷ್ಟು ಬೇಕು?

ಸಕ್ಕರೆ ಕಲಕುವಾಗ ಚಮಚ ಕಪ್ಪಿಗೆ ತಾಗಿ ಟಣಟಣ ಅನ್ನಬಾರದು. ಕಲಕಿದ ಚಮಚ ಸಾಸರ್ ಮೇಲಿರಲಿ, ಕಪ್ಪಿನಲ್ಲಲ್ಲ. ತಗ್ಗು ಮೇಜಾದರೆ ಸಾಸರ್ ಸಮೇತ ಕಪ್ ಎತ್ತಿಕೊಳ್ಳಬೇಕು. ಕಿರುಬೆರಳು ಎತ್ತಿ ಹಿಡಿಯುವುದು ಸಿನಿಮಾದವರ ಶೋಕಿ, ಬೇಕಿಲ್ಲ. ಸ್ಕೋನನ್ನು ಅಡ್ಡಕ್ಕೆ ಎರಡು ಮಾಡಿ ಒಂದೊಂದಕ್ಕೂ ಬೇರೆಬೇರೆ ಹಚ್ಚಿಕೊಂಡು ತಿನ್ನಬೇಕು, ಸ್ಯಾಂಡ್‌ವಿಚ್‌ನಂತೆ ಮುಚ್ಚಬಾರದು.

ಇದೆಲ್ಲ ನಿಮಗೆ ಗೊತ್ತಿರಲಿ. ಆದರೆ ಬಂದವರ ಮೇಲೆ ಹೇರಬೇಡಿ. ನಮ್ಮ ಮನೆಯ ಮೊದಲ ಟೀ ಪಾರ್ಟಿಯಲ್ಲಿ ನಮ್ಮತ್ತೆ ಅಭ್ಯಾಸಬಲದಿಂದ ಟೀಯನ್ನು ಸಾಸರ್‌ಗೆ ಸುರಿದುಕೊಂಡು ಸೊರ್ ಅಂತ ಕುಡಿದರು. ಒಂದು ಕ್ಷಣ ನನ್ನ ಮುಖ ಕೆಂಪಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಓದಿ ತಿಳಿದೆ, ಹದಿನೆಂಟನೇ ಶತಮಾನದ ಇಂಗ್ಲಿಷರೂ ಬಿಸಿ ಟೀಯನ್ನು ಸಾಸರ್‌ಗೆ ಸುರಿದು ಆರಿಸಿಯೇ ಕುಡಿಯುತ್ತಿದ್ದರಂತೆ! ಅತ್ತೆಗೆ ಹೇಳಿದಾಗ, ‘ಮತ್ತೆ? ನನ್ನದೇ ಅಸಲಿ ಪದ್ಧತಿ’ ಅಂದರು. ಬಂದವರು ಮುಜುಗರಪಡದೆ ಕೂರುವಂತಿದ್ದರೆ ಅದಕ್ಕಿಂತ ದೊಡ್ಡ ಶಿಷ್ಟಾಚಾರ ಬೇರೆ ಇಲ್ಲ. ಯಾರಾದರೂ ‘ನನಗೆ ಕಾಫೀನೇ ಬೇಕು’ ಅಂದರೆ ಅದಕ್ಕೂ ಸಿದ್ಧವಾಗಿರಿ. ಡಿಕಾಕ್ಷನ್ ಮೊದಲೇ ಇಳಿಸಿ, ಹಾಲನ್ನು ಫ್ಲಾಸ್ಕಿನಲ್ಲಿಡಿ.

ನೆನಪಿಡಿ

* ಹಿಂದಿನ ದಿನ: ದಿನಸಿ ತನ್ನಿ, ಕಪ್ಪುಗಳನ್ನು ತೊಳೆದು ಒರೆಸಿ, ವೆಲ್ಷ್ ಕೇಕ್ ಮಾಡಿಡಿ, ಕೆನೆ ಸಾಕಷ್ಟಿದೆಯೇ ನೋಡಿ.

* ಭಾನುವಾರ ಬೆಳಿಗ್ಗೆ: ಸ್ಕೋನ್‌ಗೆ ಹಿಟ್ಟು, ಬೆಣ್ಣೆ ಉಜ್ಜಿ ಫ್ರಿಜ್‌ನಲ್ಲಿಡಿ. ಹಾಲು ಹಾಕಬೇಡಿ. ಮೇಜು ಸಿದ್ಧ ಮಾಡಿ.

* ಎರಡೂವರೆಗೆ: ಸ್ಕೋನ್ ಬೇಯಿಸಿ ಬಟ್ಟೆಯಲ್ಲಿ ಮುಚ್ಚಿಡಿ.

* ಮೂರಕ್ಕೆ: ಸ್ಯಾಂಡ್‌ವಿಚ್ ಮಾಡಿ ಒದ್ದೆ ಬಟ್ಟೆ ಮುಚ್ಚಿ.

* ಮೂರೂವರೆಗೆ: ಅಡುಗೆಮನೆಯ ದೀಪ ಆರಿಸಿ. ಮುಖ ತೊಳೆದು, ಸೀರೆ ಬದಲಿಸಿ, ಐದು ನಿಮಿಷ ಸುಮ್ಮನೆ ಕೂರಿ.

* ನಾಲ್ಕಕ್ಕೆ: ಎಲ್ಲರೂ ಬಂದು ಕೂತ ಮೇಲಷ್ಟೇ ಪಾಟ್‌ಗೆ ನೀರು ಹೊಯ್ಯಿರಿ. ಆಮೇಲೆ ಏಳಬೇಡಿ.

* ತಟ್ಟೆ, ಲೋಟ ತೊಳೆಯುವುದು ಎಲ್ಲರೂ ಹೋದ ಮೇಲೆ. ಸಿಂಕ್ ಎಲ್ಲಿಗೂ ಓಡಿಹೋಗುವುದಿಲ್ಲ.

ಕೊನೆಗೊಂದು ಮಾತು. ಬಜ್ಜಿ ತಿಂದು ಹೋದ ಆ ಗೆಳತಿಯನ್ನು ಮತ್ತೆ ಕರೆಯಲು ನನಗೆ ಧೈರ್ಯ ಬರಲು ತುಂಬಾ ದಿನ ಬೇಕಾಯಿತು. ಕರೆದೆ, ಬಂದಳು. ಆರು ಜನರನ್ನಲ್ಲ, ಅವಳೊಬ್ಬಳನ್ನೇ ಕರೆದಿದ್ದೆ. ಸ್ಕೋನ್ ಅವತ್ತೂ ಸ್ವಲ್ಪ ಗಟ್ಟಿಯಾಗಿತ್ತು. ಅವಳು ಗಮನಿಸಲಿಲ್ಲ. ಮೊದಲ ಪಾಟ್ ಟೀ ಮುಗಿಯುವವರೆಗೆ ಊರ ಸುದ್ದಿ ಮಾತಾಡಿದೆವು. ಎರಡನೇ ಪಾಟ್‌ಗೆ ನೀರು ಹೊಯ್ದು ಕಾಯುವಾಗ, ‘ಒಂದು ವಿಷಯ ಹೇಳಬೇಕಿತ್ತು ಕಣೇ’ ಎಂದು ಶುರು ಮಾಡಿದಳು. ಟೀ ಒಗರಾಗುವಷ್ಟು ಹೊತ್ತು ಹೇಳಿದಳು. ನಾನು ಕೂತೇ ಇದ್ದೆ.

ನಿಮ್ಮ ಮೇಜಿನ ಸುತ್ತ ಯಾರು ಕೂರಬೇಕು, ಈಗಲೇ ಯೋಚಿಸಿ. ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಇರಲಿ. ಏನಂತೀರಿ, ಈ ಭಾನುವಾರ ನಾಲ್ಕಕ್ಕೆ?